ಮಾತು ಯಾವಾಗ ಕರಾರಾಗುತ್ತದೆ?

ಶಿವಾಜಿನಗರದ ಹಳೆಯ ಮೋಟಾರು ಸಾಮಾನಿನ ಅಂಗಡಿಯಲ್ಲಾಗಲಿ, ಕೃಷ್ಣರಾಜಪುರದ ಹೊಸ ಬಡಾವಣೆಯಲ್ಲಾಗಲಿ, ವ್ಯಾಪಾರವು ಮಾತಿನಿಂದಲೇ ಆರಂಭವಾಗುತ್ತದೆ. ಆದರೆ ಮಾರುವವನು ಆಡಿದ ಮಾತೆಲ್ಲವೂ ಕರಾರಿನ ಅಂಗವಲ್ಲ. "ಇಂಥ ಗಾಡಿ ಇಡೀ ದಂಡಿನಲ್ಲಿ ಸಿಕ್ಕದು" ಎಂಬುದು ಬರಿಯ ಹೊಗಳಿಕೆ. "ಇದು ಇಂಥ ವರ್ಷದ ಗಾಡಿ" ಎಂಬುದಾದರೋ ಸಂಗತಿಯ ಹೇಳಿಕೆ. ಅದು ಕೊಳ್ಳುವವನನ್ನು ಒಲಿಸಿದ ಮಾತು ಮಾತ್ರವೇ, ಇಲ್ಲವೆ ಮಾರುವವನು ಹೊಣೆಹೊತ್ತ ನಿಬಂಧನೆಯೇ? ಮೋಸಹೋದವನಿಗೆ ದೊರೆಯುವ ಪರಿಹಾರವು ಇದರ ಮೇಲೆ ನಿಂತಿದೆ.

ಇಂಗ್ಲೆಂಡಿನ ಎರಡು ಮೊಕದ್ದಮೆಗಳು ನನಗೆ ಈ ಭೇದವನ್ನು ತಿಳಿಯಪಡಿಸಿದವು. 1957ರ ಆಸ್ಕರ್ ಚೆಸ್ ಮೊಕದ್ದಮೆಯಲ್ಲಿ ಗೃಹಸ್ಥನೊಬ್ಬನು ನೋಂದಣಿ ಪುಸ್ತಕವನ್ನು ನಂಬಿ, ಮಾರಿಸ್ ಕಾರು 1948ರದೆಂದು ಕಾರಿನ ವ್ಯಾಪಾರಿಗೆ ಹೇಳಿದನು. ಅದು 1939ರದಾಗಿತ್ತು. ಇದು ಕೇವಲ ಹೇಳಿಕೆಯೆಂದು ತೀರ್ಪಾಯಿತು. ನಿಷ್ಕಪಟವಾದ ಹೇಳಿಕೆಗೆ ಆಗ ಅಲ್ಲಿ ಪರಿಹಾರಧನವಿಲ್ಲದ ಕಾರಣ ವ್ಯಾಪಾರಿಗೆ ಏನೂ ದೊರೆಯಲಿಲ್ಲ. 1965ರ ಡಿಕ್ ಬೆಂಟ್ಲಿ ಮೊಕದ್ದಮೆಯಲ್ಲಿ ವ್ಯಾಪಾರಿಯೇ, ಎಂಜಿನ್ ಬದಲಾದ ಮೇಲೆ ಕಾರು 20,000 ಮೈಲಿ ಮಾತ್ರ ಓಡಿದೆಯೆಂದು ಗಿರಾಕಿಗೆ ಹೇಳಿದ್ದನು. ಅದು ಸುಳ್ಳಾಯಿತು; ಆ ಮಾತು ನಿಬಂಧನೆಯೆನಿಸಿತು. ಸತ್ಯವನ್ನು ಅರಿಯುವ ಸಾಧನ ಯಾರ ಕೈಯಲ್ಲಿತ್ತು ಎಂಬುದೇ ಮುಖ್ಯವಾಯಿತು.

ಇನ್ನೂ ಕೆಲವು ಒರೆಗಲ್ಲುಗಳುಂಟು. "ಹಲಸೂರು ಕೆರೆ ಕಾಣದಿದ್ದರೆ ಮನೆ ಬೇಡ" ಎಂದು ಕೊಳ್ಳುವವನು ಮೊದಲೇ ಹೇಳಿದ್ದರೆ, ಅದಕ್ಕೆ ದೊರೆತ ಉತ್ತರಕ್ಕೆ ತೂಕ ಹೆಚ್ಚು. "ನೀವೇ ಪರೀಕ್ಷಿಸಿಕೊಳ್ಳಿ" ಎಂದಿದ್ದರೆ ತೂಕ ಕಡಿಮೆ. ಮಾತಿಗೂ ಕರಾರಿಗೂ ನಡುವೆ ಬಹುಕಾಲ ಕಳೆದಿದ್ದರೆ, ಅಥವಾ ಬರೆದ ಪತ್ರದಲ್ಲಿ ಆ ಮಾತನ್ನು ಬಿಟ್ಟಿದ್ದರೆ, ಅದು ನಿಬಂಧನೆಯಾಗುವುದು ಕಷ್ಟ.

ನಮ್ಮ ದೇಶದ 1872ರ ಕರಾರು ಕಾಯಿದೆಯ 73ನೆಯ ಪ್ರಕರಣದಂತೆ ನಿಬಂಧನೆ ಮುರಿದರೆ ನಷ್ಟಪರಿಹಾರ ಉಂಟು. ತಪ್ಪು ಹೇಳಿಕೆಯಾದರೆ, 19ನೆಯ ಪ್ರಕರಣದಂತೆ, ನಂಬಿದವನು ಕರಾರನ್ನು ರದ್ದುಮಾಡಬಹುದು. ಇಲ್ಲವೆ ಅದನ್ನು ಉಳಿಸಿಕೊಂಡು, ಮಾತು ನಿಜವಾಗಿದ್ದರೆ ತಾನಿರುತ್ತಿದ್ದ ಸ್ಥಿತಿಗೆ ತನ್ನನ್ನು ತರಬೇಕೆಂದು ಕೇಳಬಹುದು. ಆದರೆ ಸಾಮಾನ್ಯ ಎಚ್ಚರದಿಂದ ಸತ್ಯವನ್ನು ತಿಳಿಯಬಹುದಾಗಿದ್ದವನಿಗೆ, ಹೇಳಿದವನಲ್ಲಿ ಕಪಟವಿರದಿದ್ದ ಪಕ್ಷದಲ್ಲಿ, ರದ್ದುಮಾಡುವ ಹಕ್ಕಿಲ್ಲ.

ಮನೆಯ ವಿಷಯದಲ್ಲಿ 2016ರ ರೇರಾ ಕಾಯಿದೆಯು ಒಂದು ಹೆಜ್ಜೆ ಮುಂದಿದೆ. ಅದರ 12ನೆಯ ಪ್ರಕರಣದಂತೆ, ಜಾಹೀರಾತನ್ನಾಗಲಿ ಮಾದರಿ ಮನೆಯನ್ನಾಗಲಿ ನಂಬಿ ಮುಂಗಡ ಕೊಟ್ಟು ನಷ್ಟಪಟ್ಟವನಿಗೆ ನಿರ್ಮಾಪಕನು ಪರಿಹಾರ ಕೊಡಬೇಕು. ಆದರೆ ಕೃಷ್ಣರಾಜಪುರದಲ್ಲಿ ಹಳೆಯ ಮನೆಯನ್ನು ನೆರೆಯವನಿಂದ ಕೊಳ್ಳುವವನಿಗೆ ಈ ಆಸರೆ ಒದಗದು. ಒಂದು ಸಂಸಾರದ ಇಡೀ ಉಳಿತಾಯವು ಒಂದು ವಾಕ್ಯವನ್ನು ನಂಬಿ ಹೋಗುವಾಗ, ಆ ವಾಕ್ಯವನ್ನು ಪತ್ರದಲ್ಲಿ ಬರೆಸುವುದೇ ಲೇಸು.