ತೂಕಕ್ಕ ಹಾಕೋ ಮೊದಲು ಒಂದ್ಸಲ ನೋಡ್ರಿ

ಬೆಳ್ಳಿ ದರ ಕಿಲೋಗೆ ಲಕ್ಷ ರೂಪಾಯಿ ದಾಟಿದ ಮೇಲೆ ನಮ್ಮ ಕಡೆ ಮನೆಮನೆಯ ಟ್ರಂಕುಗಳೂ ಬಾಯಿ ತೆರೆದಿವೆ. ಅಜ್ಜಿಯ ಕಾಲ್ಗಡಗ, ಅತ್ತೆಯ ಪಂಚಪಾಳ, ಮಾವನವರ ಎಲೆ-ಅಡಿಕೆ ಡಬ್ಬಿ, ಹಳೆಯ ಲಿಂಗದ ಕರಡಿಗೆ ಎಲ್ಲವೂ ಅರಿವೆಯಲ್ಲಿ ಸುತ್ತಿಕೊಂಡು ಸರಾಫ ಅಂಗಡಿಯ ಮೆಟ್ಟಿಲು ಹತ್ತುತ್ತಿವೆ. ಮಗಳ ಕಾಲೇಜು ಫೀಸು, ಬೋರಿನ ಖರ್ಚು, ಬಿತ್ತನೆ ಬೀಜ. ಕಾರಣಗಳು ಸಣ್ಣವಲ್ಲ. ಕಷ್ಟಕಾಲಕ್ಕೆ ಆಗಲಿ ಎಂದೇ ಹಿರಿಯರು ಬೆಳ್ಳಿ ಕೂಡಿಟ್ಟದ್ದು. ಅದನ್ನು ಮಾರಬೇಡಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಆದರೆ ತಕ್ಕಡಿಗೆ ತೂಕ ಒಂದೇ ಗೊತ್ತು. ಕೆತ್ತನೆ, ವಯಸ್ಸು, ಊರು, ಮಾಡಿದ ಕೈ ಇವು ಯಾವುವೂ ಅದಕ್ಕೆ ತಿಳಿಯುವುದಿಲ್ಲ. ಮೂಸೆಗೆ ಬಿದ್ದ ಮೇಲೆ ನೂರು ವರ್ಷದ ಗುಲಾಬದಾನಿಯೂ ಹೋದ ವರ್ಷ ಕೊಂಡ ಚಮಚೆಯೂ ಒಂದೇ ಗಟ್ಟಿ. ಹಾಗಾಗಿ ಮಾರುವುದೇ ಆದರೂ, ಏನು ಮಾರುತ್ತಿದ್ದೇವೆ ಎಂಬುದು ಗೊತ್ತಿರಲಿ.

ಬಿ.ಗುಡಿಯ ಶೋಕೇಸು

ಶಹಾಪುರದ ಮಗ್ಗುಲಿನ ನಮ್ಮ ಭೀಮರಾಯನಗುಡಿ, ಎಲ್ಲರ ಬಾಯಲ್ಲಿ ಬಿ.ಗುಡಿ, ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲೊನಿಯಿಂದ ಬೆಳೆದ ಊರು. ನೀರಾವರಿ ಕಚೇರಿ, ಕೃಷಿ ಕಾಲೇಜು ಅಂತ ರಾಜ್ಯದ ನಾನಾ ಕಡೆಯಿಂದ ಜನ ಇಲ್ಲಿಗೆ ಬಂದರು. ಬರುವಾಗ ಟ್ರಂಕಿನಲ್ಲಿ ತಮ್ಮ ಊರನ್ನೂ ಹೊತ್ತು ತಂದರು. ಅದಕ್ಕೇ ಇಲ್ಲಿಯ ಶೋಕೇಸುಗಳಲ್ಲಿ ಬೀದರಿನ ಹೂದಾನಿ, ಚನ್ನಪಟ್ಟಣದ ಬಣ್ಣದ ಗೊಂಬೆ, ಧಾರವಾಡದ ಅಜ್ಜಿ ಕೊಟ್ಟ ಕಪ್ಪು-ಬಶಿ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಸುತ್ತಲಿನ ಹಳ್ಳಿ, ತಾಂಡಾಗಳ ಬೆಳ್ಳಿಯದು ಬೇರೆಯದೇ ಕಥೆ. ಸಂಗ್ರಹ ಅನ್ನುವುದಕ್ಕೆ ನವಾಬರ ಅರಮನೆಯೇ ಬೇಕಿಲ್ಲ.

ನವಾಬರ ಸಂಗ್ರಹ ನೋಡಬೇಕೆಂದರೆ ಹೈದರಾಬಾದಿಗೆ ಹೋಗಬೇಕು. ಮೂರನೇ ಸಾಲಾರ್ ಜಂಗ್ (1889–1949) ಕೂಡಿಸಿದ ಚೀನಾ, ಜಪಾನ್, ಯುರೋಪಿನ ಪಿಂಗಾಣಿ, ಬೆಳ್ಳಿ ಸಾಮಾನು, ಬಿದರಿ ಪಾತ್ರೆಗಳು 1951ರಲ್ಲಿ ಸಾರ್ವಜನಿಕರಿಗೆ ತೆರೆದ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿವೆ. ನಾವು ಆ ನಿಜಾಮ ಸಂಸ್ಥಾನದ್ದೇ ಸೀಮೆಯವರು. ನಮ್ಮ ಅಟ್ಟದ ಮೇಲಿನ ಎಷ್ಟೋ ಸಾಮಾನು ಅದೇ ಬಳಗದ ಬಡ ಸಂಬಂಧಿಗಳು.

ಚಾರ್ಮಿನಾರ್ ರೂಪಾಯಿ

ಮೊದಲು ನಾಣ್ಯ ತೆಗೆದುಕೊಳ್ಳಿ. ಲಂಬಾಣಿ ಅಕ್ಕಂದಿರ ಕೊರಳ ಸರಗಳಲ್ಲಿ, ಹಳೆಯ ಮನೆಗಳ ಲಕ್ಷ್ಮೀಪೂಜೆಯ ಡಬ್ಬಿಗಳಲ್ಲಿ ಚಾರ್ಮಿನಾರ್ ಚಿತ್ರದ ರೂಪಾಯಿ ಇರುತ್ತದೆ. ಅದು ನಿಜಾಮರ ‘ಹಾಲಿ ಸಿಕ್ಕಾ’. ಮೆಹಬೂಬ್ ಅಲಿ ಖಾನ್ ಮತ್ತು ಉಸ್ಮಾನ್ ಅಲಿ ಖಾನ್ ಕಾಲದ ಒಳ್ಳೆಯ ಬೆಳ್ಳಿ ರೂಪಾಯಿ ಸುಮಾರು 11.18 ಗ್ರಾಂ ತೂಗುತ್ತದೆ, ಅದರಲ್ಲಿ ಬೆಳ್ಳಿ ಶೇ 82ರ ಆಸುಪಾಸು. ಅಂದರೆ ಹತ್ತು ನಾಣ್ಯ ಕರಗಿಸಿದರೆ ಸಿಗುವುದು 91 ಗ್ರಾಮಿನಷ್ಟು ಶುದ್ಧ ಬೆಳ್ಳಿ. ಬ್ರಿಟಿಷ್ ಇಂಡಿಯಾದ ರೂಪಾಯಿ 11.66 ಗ್ರಾಂ, ಬೆಳ್ಳಿ ಶೇ 91ಕ್ಕೂ ಹೆಚ್ಚು. 1940ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು, 1947ರಲ್ಲಿ ಬೆಳ್ಳಿ ಹೋಗಿ ನಿಕ್ಕಲ್ ಬಂತು.

ಲೆಕ್ಕ ಇಷ್ಟೇ ಆಗಿದ್ದರೆ ಕರಗಿಸಿದರೂ ನಡೆಯುತ್ತಿತ್ತು. ಆದರೆ ನಾಣ್ಯ ಸಂಗ್ರಹಿಸುವವರು ಇಸವಿ, ಟಂಕಸಾಲೆ, ಸವೆತ ನೋಡಿ ಬೆಲೆ ಕಟ್ಟುತ್ತಾರೆ. ಎಲ್ಲ ಹಳೆ ನಾಣ್ಯಕ್ಕೂ ಲಕ್ಷ ಬರುತ್ತದೆ ಎಂದು ಮೊಬೈಲಿನಲ್ಲಿ ಬರುವ ಮಾತು ಸುಳ್ಳು. ಬಹುಪಾಲು ನಾಣ್ಯ ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚಷ್ಟೇ. ಆದರೂ ತೋರಿಸದೆ ಕರಗಿಸಬಾರದು. ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಹದ ಬೆಲೆ ಇಳಿಯುತ್ತದೆ, ನಿಜ. ಆದರೆ ಅಂಥ ನಾಣ್ಯ ಪೋಣಿಸಿದ ಇಡೀ ಸರ ಒಂದು ಸಮುದಾಯದ ಕೈಕೆಲಸ. ಬಿಡಿ ನಾಣ್ಯಕ್ಕಿಂತ ಅದರ ಬೆಲೆ ದೊಡ್ಡದು.

“ಯವ್ವಾ, ಇದ್ರಾಗ ಏನೂ ಇಲ್ಲ”

ಮೋಡಕಾ ಸಾಮಾನಿನವರು ಬಿದರಿ ಹೂದಾನಿ ನೋಡಿ ಹೇಳುವ ಮಾತು ಇದು. “ಯವ್ವಾ, ಇದ್ರಾಗ ಬೆಳ್ಳಿ ಏನೂ ಇಲ್ಲ, ಕಬ್ಬಿಣದ್ದದ, ಹಾಕಿಬಿಡ್ರಿ.” ಅದು ಕಬ್ಬಿಣವಲ್ಲ. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಉಳಿಯಿಂದ ಗೀರಿ, ಆ ಗೀರಿನಲ್ಲಿ ಬೆಳ್ಳಿ ತಂತಿ ಇಲ್ಲವೆ ತಗಡು ಬಡಿದು ಕೂಡಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಹಾಕಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಹಮನಿಗಳ ಕಾಲಕ್ಕೆ ಬೇರು ಚಾಚಿರುವ ಈ ಕಸುಬಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಬೀದರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಬಿದರಿ ಸಾಮಾನನ್ನು ಕರಗಿಸಿದರೆ ಬೆಳ್ಳಿ ಸಿಗುವುದು ಅತ್ಯಲ್ಪ. ಮೋಡಕಾಕ್ಕೆ ಹಾಕಿದರೆ ಕೈಗೆ ಬರುವುದು ಚಿಲ್ಲರೆ. ಹೋಗುವುದು ಮಾತ್ರ ಒಬ್ಬ ಕುಶಲಕರ್ಮಿಯ ಎಷ್ಟೋ ದಿನದ ದುಡಿಮೆ. ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ಮೋಸ ಹೋಗುತ್ತಿರುವ ವಸ್ತು ಯಾವುದು ಎಂದು ಕೇಳಿದರೆ ನಾನು ಬಿದರಿಯ ಹೆಸರನ್ನೇ ಹೇಳುತ್ತೇನೆ.

ಇದಕ್ಕೆ ಉಲ್ಟಾ ಮೋಸವೂ ಉಂಟು. ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿಯ ಚೂರೂ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಹಳೆಯ ಚಮಚೆ, ಟ್ರೇಗಳ ಹಿಂದೆ ‘ಇ.ಪಿ.ಎನ್.ಎಸ್.’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಮೇಲಷ್ಟೇ ಬೆಳ್ಳಿಯ ಲೇಪ. ಹಾಗಂತ ಹಾಲ್‌ಮಾರ್ಕ್ ಇಲ್ಲದ್ದೆಲ್ಲ ಖೋಟಾ ಅಲ್ಲ. ನಮ್ಮ ದೇಶದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಶುರುವಾದದ್ದೇ 2005ರಲ್ಲಿ. ಅಜ್ಜಿಯ ತಂಬಿಗೆಗೆ ಅದು ಎಲ್ಲಿಂದ ಬರಬೇಕು? ಒರೆಗಲ್ಲಿಗೆ ಹಚ್ಚಿಸಿ ನೋಡಿ. ಒಳಗೆ ಟೊಳ್ಳಿದ್ದ ಆಭರಣದಲ್ಲಿ ಅರಗು ತುಂಬಿರಬಹುದು, ತೂಕದಲ್ಲಿ ಅದನ್ನು ಕಳೆಯುತ್ತಾರೆ. ಎಷ್ಟು ಕಳೆದರು ಎಂದು ಕೇಳುವುದು ನಿಮ್ಮ ಹಕ್ಕು.

ಕಪ್ಪು-ಬಶಿಯ ಬೆನ್ನು

ಪಿಂಗಾಣಿಯ ಜಾತಕ ಇರುವುದು ಅದರ ಬೆನ್ನಿನಲ್ಲಿ. ಮಗುಚಿ ನೋಡಿ. 1891ರಿಂದ ಅಮೆರಿಕಕ್ಕೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಕಡ್ಡಾಯವಾಯಿತು. ಅಲ್ಲಿಗೆಂದು ಮಾಡಿದ ಜಪಾನಿ ಪಿಂಗಾಣಿಯ ಮೇಲೆ ಮೊದಲು ‘ನಿಪ್ಪೋನ್’ ಎಂದಿರುತ್ತಿತ್ತು, 1921ರ ನಂತರ ‘ಜಪಾನ್’ ಎಂದಾಯಿತು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಅದು ಎರಡನೇ ಮಹಾಯುದ್ಧ ಮುಗಿದ ಮೇಲೆ, 1952ರೊಳಗೆ ಮಾಡಿದ್ದು.

ಬಶಿಯನ್ನು ಬೆಳಕಿಗೆ ಹಿಡಿದು ಹಿಂದೆ ಬೆರಳಾಡಿಸಿ. ನೆರಳು ಕಂಡರೆ ನಿಜವಾದ ತೆಳು ಪಿಂಗಾಣಿ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ‘ಟಣ್’ ಎನ್ನಬೇಕು. ‘ಠಕ್’ ಎಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಉಪ್ಪಿನಕಾಯಿಯ ಕಂದು-ಬಿಳಿ ಭರಣಿ ಈ ಜಾತಿಯದ್ದಲ್ಲ, ಅದು ದಪ್ಪ ಕಲ್ಲುಮಣ್ಣಿನದು. ಬೆಲೆ ಕಡಿಮೆ, ಆಯುಷ್ಯ ಹೆಚ್ಚು.

ಉಜ್ಜಿದಷ್ಟೂ ಹಾಳು

ಬೆಳ್ಳಿ ಕಪ್ಪಾಗುವುದು ಕೊಳೆಯಿಂದಲ್ಲ, ಗಾಳಿಯಲ್ಲಿನ ಗಂಧಕದಿಂದ. ರಂಗೋಲಿ ಪುಡಿ, ಬೂದಿ ಹಾಕಿ ತಿಕ್ಕಿದರೆ ಕಪ್ಪಿನ ಜೊತೆಗೆ ಕೆತ್ತನೆಯೂ ಸವೆಯುತ್ತದೆ. ಮೆತ್ತನೆ ಅರಿವೆ, ಸೌಮ್ಯ ಸಾಬೂನಿನ ನೀರು, ಆಮೇಲೆ ಪೂರ್ತಿ ಒಣಗಿಸುವುದು, ಇಷ್ಟು ಸಾಕು. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಡಿ, ಅದರಲ್ಲೂ ಗಂಧಕ ಇದೆ. ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬಿದರಿಗಂತೂ ಹುಣಸೆಹಣ್ಣು, ನಿಂಬೆ ತಾಗಿಸಲೇಬೇಡಿ, ಕಪ್ಪು ಕಿತ್ತು ಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ. ಬಾಗಿಲಿಗೆ ಬಂದು “ಪಾಲಿಶ್ ಮಾಡ್ಕೊಡ್ತೀವ್ರೀ” ಎನ್ನುವ ಅಪರಿಚಿತರ ಕೈಗೆ ಬೆಳ್ಳಿ ಕೊಡಬೇಡಿ. ದ್ರಾವಣದಲ್ಲಿ ಅದ್ದಿದ ಬೆಳ್ಳಿ ತೂಕ ಕಳೆದುಕೊಂಡು ಹೊರಬರುತ್ತದೆ.

ಒಂದು ನೋಟ್‌ಬುಕ್

ನಮ್ಮ ಸೀಮೆಯ ಹಳೆಯ ವಸ್ತುಗಳನ್ನು ಮೊದಲು ಗಮನವಿಟ್ಟು ನೋಡಿದವರಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಒಬ್ಬ. ಗುಡ್ಡದ ಮೇಲಿನ ಅವನ ಟೇಲರ್ ಮಂಜಿಲ್ ಇವತ್ತೂ ಇದೆ. ರಾಜನಕೋಳೂರಿನಂಥ ಜಾಗಗಳ ಬೃಹತ್ ಶಿಲಾ ಸಮಾಧಿಗಳನ್ನು ಅವನು ಅಳೆದ, ಚಿತ್ರ ಬಿಡಿಸಿದ, ಬರೆದಿಟ್ಟ. ಆ ಬರಹ ಇದ್ದದ್ದಕ್ಕೆ ಇಂದಿಗೂ ವಿದ್ವಾಂಸರು ಅದನ್ನು ಓದುತ್ತಾರೆ. ಎಲ್ಲಿ ಸಿಕ್ಕಿತು, ಯಾರದು ಎಂಬ ಮಾತು ಇಲ್ಲದಿದ್ದರೆ ಯಾವ ಹಳೆ ವಸ್ತುವೂ ಅರ್ಧ ಮೂಕ.

ಅದಕ್ಕೆ ಬೆಳ್ಳಿಗಿಂತ ಮೊದಲು ಕೊಳ್ಳಬೇಕಾದ್ದು ಒಂದು ನೋಟ್‌ಬುಕ್. ವಸ್ತುವಿನ ಪಕ್ಕ ಸ್ಕೇಲು ಇಟ್ಟು ಮೊಬೈಲಿನಲ್ಲಿ ಮುಂದೆ, ಹಿಂದೆ, ಗುರುತಿನ ಫೋಟೊ ತೆಗೆಯಿರಿ. ತೂಕ ಬರೆಯಿರಿ. ಆಮೇಲೆ ಮನೆಯ ಹಿರಿಯರ ಹತ್ತಿರ ಕೂತು ಕೇಳಿ: “ಆಯಿ, ಇದು ಯಾರ ಲಗ್ನದಾಗ ಬಂದದ್ದು?” ಆ ಉತ್ತರ ಯಾವ ಸರಾಫನ ಅಂಗಡಿಯಲ್ಲೂ ಸಿಗದು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗಲೂ ಇದು ಕೆಲಸಕ್ಕೆ ಬರುತ್ತದೆ. ತೂಕ ಸರಿಮಾಡಲು ಒಂದು ಪಂಚಪಾಳವನ್ನು ಕತ್ತರಿಸುವ ಬದಲು ಒಬ್ಬರಿಗೆ ವಸ್ತು, ಇನ್ನೊಬ್ಬರಿಗೆ ಹಣ ಅಂತ ಕೂತು ಮಾತಾಡಬಹುದು.

ಹೊಸದಾಗಿ ಸಂಗ್ರಹ ಶುರುಮಾಡುವವರಿಗೆ ಎರಡು ಕಾನೂನಿನ ಮಾತು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಕಲೆ-ಕುಶಲ ವಸ್ತುಗಳು ಪುರಾವಸ್ತುಗಳು; ಅವುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ, ವ್ಯಾಪಾರ ಮಾಡಲು ಪರವಾನಗಿ ಬೇಕು. ಹಳೆಯ ಮೂರ್ತಿ, ಚಿತ್ರಗಳನ್ನು ನೋಂದಾಯಿಸಬೇಕು. ಹೊಲ ಉಳುವಾಗ ಸಿಕ್ಕ ನಿಧಿ ಸಿಕ್ಕವರದ್ದಲ್ಲ, ಸರ್ಕಾರಕ್ಕೆ ತಿಳಿಸಬೇಕು. ಗುಡಿಯ ಸಾಮಾನಿನಂತೆ ಕಂಡದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಕೊಂಡದ್ದಕ್ಕೆಲ್ಲ ಪಾವತಿ ಇಟ್ಟುಕೊಳ್ಳಿ. ರೊಕ್ಕ ಕಡಿಮೆ ಇದ್ದರೆ ಅಡಕತ್ತರಿಯೋ ಕುಂಕುಮದ ಡಬ್ಬಿಯೋ, ಒಂದೇ ಬಗೆಯನ್ನು ಹಿಡಿದುಕೊಂಡು ಹೋಗಿ. ಹತ್ತು ಕೂಡಿದಾಗ ಕಣ್ಣು ತಾನೇ ಕಲಿಯುತ್ತದೆ.

ಕಡೆಗೂ ಮಾರಲೇಬೇಕಾದ ದಿನ ಬಂದರೆ ಮಾರಿ, ಅದರಲ್ಲಿ ನಾಚಿಕೆ ಇಲ್ಲ. ಸಾದಾ ಬಳೆ, ಚೈನು, ಮುರುಕು ಬೆಳ್ಳಿ ಮೊದಲು ಹೋಗಲಿ. ಕೆತ್ತನೆಯದು, ಹೆಸರು ಬರೆದದ್ದು, ಈಗ ಯಾರೂ ಮಾಡದ ಆಕಾರದ್ದು ಕೊನೆಗೆ ಹೋಗಲಿ. ಒಂದು ಬೆಳೆ ಚೆನ್ನಾಗಿ ಬಂದರೆ ಬೆಳ್ಳಿಯನ್ನು ಮತ್ತೆ ಕೊಳ್ಳಬಹುದು. ಆಯಿಯ ಪಂಚಪಾಳವನ್ನು ಕೊಳ್ಳಲಿಕ್ಕೆ ಬರುವುದಿಲ್ಲ.