ಮಿರ್ಚಿಯಲ್ಲಿ ಚರಿತ್ರೆ, ಮೆಕ್ಕೆಜೋಳದಲ್ಲಿ ವಿಜ್ಞಾನ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮಾಯಕೊಂಡದಲ್ಲಾಗಲಿ, ದಾವಣಗೆರೆಯಲ್ಲಾಗಲಿ, ಹರಿಹರದಲ್ಲಾಗಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ. ಹುಡುಗಿಗೆ ಸಯನ್ಸ್ ಕೊಡಿಸುವುದೋ, ಆರ್ಟ್ಸೋ? ಸಯನ್ಸ್ ಎಂದರೆ ಅಂದಿನಿಂದಲೇ ಅವಳ ಚಿತ್ರದ ಪುಸ್ತಕ, ಬಣ್ಣದ ಡಬ್ಬಿ ಅಟ್ಟ ಸೇರುತ್ತವೆ. ಆರ್ಟ್ಸ್ ಎಂದರೆ ಇನ್ನು ಗಿಡಮರ, ಪ್ರಾಣಿಪಕ್ಷಿಗಳ ಬಗ್ಗೆ ಅವಳು ಕೇಳುವ ಪ್ರಶ್ನೆಗಳಿಗೆ ಬೆಲೆಯಿಲ್ಲ. ಹದಿನಾರರ ಮಗುವಿನ ತಲೆಯ ನಡುವೆ ಹೀಗೊಂದು ಗೋಡೆ ಕಟ್ಟುವುದು ನ್ಯಾಯವೇ?

ಮಾಯಕೊಂಡದಿಂದ ಕಾಲೇಜಿಗೆಂದು ದಾವಣಗೆರೆಗೆ ಹೋಗುವ ಹೆಣ್ಣುಮಕ್ಕಳು ಮಳೆಗಾಲದಲ್ಲಿ ದಾರಿಯುದ್ದಕ್ಕೂ ನೋಡುವುದು ಮೆಕ್ಕೆಜೋಳದ ಹೊಲಗಳನ್ನು. ಈ ಬೆಳೆ ನಮ್ಮದಲ್ಲ. ಮೆಕ್ಸಿಕೋ ದೇಶದ ಟಿಯೋಸಿಂಟೆ ಎಂಬ ಹುಲ್ಲೇ ಇದರ ಮೂಲ. ಆ ಹುಲ್ಲಿನ ತೆನೆ ಬೆರಳುದ್ದವೂ ಇರುವುದಿಲ್ಲ, ಕಲ್ಲಿನಂಥ ಸಿಪ್ಪೆಯೊಳಗೆ ಹತ್ತೋ ಹನ್ನೆರಡೋ ಕಾಳು. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿಯ ಜನರು ಒಳ್ಳೆಯ ಕಾಳನ್ನೇ ಆರಿಸಿ ಬಿತ್ತಲಾರಂಭಿಸಿದರು. ತಲೆಮಾರುಗಳ ಈ ಆಯ್ಕೆಯಿಂದಲೇ ಇಂದಿನ ದಪ್ಪ ತೆನೆ ಬಂತು. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ಜೀವವಿಕಾಸದ ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದಾಗ ಮೊದಲ ಅಧ್ಯಾಯವನ್ನು ಮೀಸಲಿಟ್ಟದ್ದು ಇಂಥದ್ದಕ್ಕೇ, ಅಂದರೆ ಮನುಷ್ಯನು ಸಾಕಿ ಬೆಳೆಸಿದ ಗಿಡಗಳು ಮತ್ತು ಪಾರಿವಾಳಗಳಿಗೆ.

ಹೊಲ ಬಿಟ್ಟು ಅಡುಗೆಮನೆಗೆ ಬನ್ನಿ. ದಾವಣಗೆರೆಯ ಮಂಡಕ್ಕಿ ಜೊತೆಗಿನ ಮಿರ್ಚಿ, ಬೆಣ್ಣೆದೋಸೆಯ ಪಕ್ಕದ ಆಲೂಗಡ್ಡೆ ಪಲ್ಯ, ಸಾರಿನ ಟೊಮೆಟೊ, ಚಟ್ನಿಯ ಶೇಂಗಾ ಎಲ್ಲವೂ ಅಮೆರಿಕ ಖಂಡಗಳಿಂದ ಬಂದವು. 1492ಕ್ಕೆ ಮೊದಲು ನಮ್ಮ ಅಜ್ಜಿಯರ ಅಜ್ಜಿಯರು ಮೆಣಸಿನಕಾಯಿ ಕಂಡವರೇ ಅಲ್ಲ, ಕಾಳುಮೆಣಸಿನಲ್ಲೇ ಖಾರ ಮಾಡುತ್ತಿದ್ದರು. ಈ ಕತೆಯನ್ನು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಕೊಟ್ಟವರು ಬಿ.ಜಿ.ಎಲ್. ಸ್ವಾಮಿ. ಅಡುಗೆಮನೆಯಲ್ಲಿ ನಿಂತು ಓದಲು ಯೋಗ್ಯವಾದ ಪುಸ್ತಕ ಎಂದು ಧಾರಾಳವಾಗಿ ಹೇಳಬಹುದು.

ಸ್ವಾಮಿಯವರು ತತ್ತ್ವಚಿಂತಕ ಕವಿ ಡಿ.ವಿ.ಜಿ.ಯವರ ಮಗ. ಸಸ್ಯಶಾಸ್ತ್ರಜ್ಞರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಎಂಬ ವಿದ್ವಾಂಸರೊಂದಿಗೆ ಅವರು ಮಾಡಿದ ಕೆಲಸ, ಹೂ ಬಿಡುವ ಗಿಡಗಳು ಮೊದಮೊದಲು ಹೇಗಿದ್ದವು ಎಂಬ ಪ್ರಶ್ನೆಗೆ ಸಂಬಂಧಿಸಿದ್ದು. ಜೀವವಿಕಾಸದ ನಡುಮನೆಯ ಪ್ರಶ್ನೆಯದು. ತಾವು ಗುರುತಿಸಿದ ಒಂದು ಗಿಡಕ್ಕೆ ಗುರುವಿನ ಹೆಸರನ್ನೇ ಇಟ್ಟರು. ಅದೇ ಕೈ ಕಾಲೇಜು ಜೀವನದ ಮೇಲೆ ನಗೆಬರಹ ಬರೆಯಿತು, ತಮ್ಮ ಪುಸ್ತಕಗಳಿಗೆ ತಾನೇ ಚಿತ್ರ ಬಿಡಿಸಿತು, ತಮಿಳುನಾಡಿನ ಇತಿಹಾಸವನ್ನು ಕೆದಕಿತು. ವಿದ್ಯಾರ್ಥಿಗಳೊಂದಿಗೆ ಗಿಡ ಹುಡುಕುತ್ತಾ ಕಾಡು ಸುತ್ತಿದ ಕತೆಯಾದ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರದ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ! ಗೋಡೆ ಕಟ್ಟುವವರು ಇದಕ್ಕೇನನ್ನುತ್ತಾರೆ?

ನಮ್ಮ ಪೂರ್ವಿಕರಿಗೂ ಈ ಗೋಡೆ ಗೊತ್ತಿರಲಿಲ್ಲ. ಒಂಬತ್ತನೆಯ ಶತಮಾನದ ಬಸ್ರಾದ ಅಲ್ ಜಾಹಿಝ್ ಬಡವರ ಮನೆಯ ಹುಡುಗ. ಕಾಲುವೆಯ ದಡದಲ್ಲಿ ರೊಟ್ಟಿ, ಮೀನು ಮಾರುತ್ತಿದ್ದ. ಒಂದು ದಿನ ತಾಯಿಯ ಬಳಿ ಊಟ ಕೇಳಿದಾಗ ಆಕೆ ತಟ್ಟೆಯ ತುಂಬ ಅವನ ಬರಹದ ಹೊತ್ತಿಗೆಗಳನ್ನೇ ತಂದಿಟ್ಟರಂತೆ. ನಿನಗೆ ಇದರಿಂದಲೇ ಅನ್ನ ಎಂದು ಚುಚ್ಚಿದ್ದೋ, ಹರಸಿದ್ದೋ, ತಾಯಂದಿರಿಗೇ ಗೊತ್ತು. ಮುಂದೆ ಅದೇ ಮಗ ಅರಬೀ ಗದ್ಯದ ದೊಡ್ಡ ಹೆಸರಾದರು. ಜಿಪುಣರ ಕುರಿತು ನಗಿಸುವ ಗ್ರಂಥ, ಮಾತಿನ ಕಲೆಯ ಕುರಿತು ಇನ್ನೊಂದು, ದೇವಶಾಸ್ತ್ರದ ವಾದಗಳು, ಇವೆಲ್ಲದರ ಜೊತೆಗೆ 'ಕಿತಾಬುಲ್ ಹಯವಾನ್' ಎಂಬ ಏಳು ಸಂಪುಟಗಳ ಪ್ರಾಣಿಗ್ರಂಥ. ಯಾವ ಜೀವಿ ಯಾವುದನ್ನು ತಿಂದು ಬದುಕುತ್ತದೆ, ನೆಲ ನೀರು ಹವೆ ಪ್ರಾಣಿಯ ಮೇಲೆ ಏನು ಪ್ರಭಾವ ಬೀರುತ್ತವೆ ಎಂದೆಲ್ಲ ಅದರಲ್ಲಿ ಚರ್ಚಿಸಿದ್ದಾರೆ. ಅರಿಸ್ಟಾಟಲನ ಮಾತನ್ನೂ ಪರೀಕ್ಷಿಸದೆ ಒಪ್ಪಲಿಲ್ಲ. ಡಾರ್ವಿನ್‌ಗಿಂತ ಸಾವಿರ ವರ್ಷ ಮೊದಲೇ ಎಲ್ಲವನ್ನೂ ಇವರು ಹೇಳಿಬಿಟ್ಟಿದ್ದರು ಎಂದು ನಮ್ಮಲ್ಲಿ ಕೆಲವರು ಬೀಗುವುದುಂಟು. ಅದು ಅತಿಶಯೋಕ್ತಿ. ಸೃಷ್ಟಿಯ ಸಣ್ಣ ಹುಳುವಿನಲ್ಲೂ ಸೃಷ್ಟಿಕರ್ತನ ಕುರುಹು ಕಾಣುವುದೇ ಅವರ ಉದ್ದೇಶವಾಗಿತ್ತು. ಇಲ್ಲದ ಕಿರೀಟ ತೊಡಿಸದಿದ್ದರೂ ಅವರು ದೊಡ್ಡವರೇ.

ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ವೈದ್ಯ ಇಬ್ನ್ ತುಫೈಲ್ ಇನ್ನೊಂದು ದಾರಿ ಹಿಡಿದರು. ಅವರ ಕತೆಯ ಹಯ್ಯ್ ಎಂಬ ಮಗುವನ್ನು ನಿರ್ಜನ ದ್ವೀಪದಲ್ಲಿ ಜಿಂಕೆಯೊಂದು ಹಾಲೂಡಿಸಿ ಸಾಕುತ್ತದೆ. ಜಿಂಕೆ ಸತ್ತಾಗ, ತನ್ನ ಅಮ್ಮನೊಳಗಿಂದ ಹೊರಟುಹೋದದ್ದು ಏನು ಎಂದು ತಿಳಿಯಲು ಆ ಬಾಲಕ ಅದರ ಎದೆಯನ್ನೇ ಬಗೆದು ನೋಡುತ್ತಾನೆ. ಅಲ್ಲಿಂದ ಮೊದಲಾದ ಹುಡುಕಾಟ ಅವನನ್ನು ಅಲ್ಲಾಹನ ಅರಿವಿನವರೆಗೆ ಒಯ್ಯುತ್ತದೆ. ಇದು ಕತೆಯೋ, ಅಂಗರಚನಾಶಾಸ್ತ್ರವೋ, ತತ್ತ್ವಶಾಸ್ತ್ರವೋ?

ಜೀವವಿಕಾಸ ಎಂಬ ಪದ ಕೇಳಿದೊಡನೆ ಕೆಲವು ಮನೆಗಳಲ್ಲಿ ಹುಬ್ಬು ಗಂಟಿಕ್ಕುತ್ತದೆ ಎಂಬುದು ನಿಜ. ಆದಮ್(ಅ)ರ ಸೃಷ್ಟಿಯ ವಿಷಯದಲ್ಲಿ ನಮ್ಮ ವಿಶ್ವಾಸ ಸ್ಪಷ್ಟವಿದೆ, ಉಳಿದ ವಿವರಗಳಲ್ಲಿ ವಿದ್ವಾಂಸರ ನಡುವೆ ಭಿನ್ನ ಅಭಿಪ್ರಾಯಗಳಿವೆ. ಆದರೆ ಪಾಠವನ್ನೇ ಓದಬೇಡ ಎನ್ನುವುದು ಪರಿಹಾರವಲ್ಲ. ವಿಜ್ಞಾನ ಏನು ಹೇಳುತ್ತದೆ, ಯಾವ ಆಧಾರದಿಂದ ಹೇಳುತ್ತದೆ ಎಂದು ತಿಳಿದವಳಿಗೆ ಪ್ರಶ್ನೆ ಎದುರಾದಾಗ ಗಾಬರಿಯಾಗದು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಪಾಠ ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಮತ್ತಿತರರು ಸಹಿ ಮಾಡಿ ವಿರೋಧಿಸಿದರು. ಕಾರಣ ಸರಳ. ಆ ಪುಸ್ತಕ ಓದಿ ಹತ್ತರ ನಂತರ ಆರ್ಟ್ಸ್ ಅಥವಾ ಕಾಮರ್ಸ್ ಸೇರಿದ ಹುಡುಗಿಗೆ ಆ ಪಾಠ ತರಗತಿಯಲ್ಲಿ ಇನ್ನೆಂದೂ ಸಿಗದು.

ದೂರದ ಉದಾಹರಣೆಯೇ ಬೇಕೆಂದಿಲ್ಲ. 2020ರ ಮೇ 3ರಂದು ನಮ್ಮನ್ನಗಲಿದ ಕೆ.ಎಸ್. ನಿಸಾರ್ ಅಹಮದ್ ಅವರನ್ನು 'ನಿತ್ಯೋತ್ಸವ'ದ ಕವಿಯೆಂದು ನಾಡೆಲ್ಲ ಬಲ್ಲದು. ಅವರು ಓದಿದ್ದೂ, ಶಿವಮೊಗ್ಗದ ಸಹ್ಯಾದ್ರಿ ಕಾಲೇಜು ಸೇರಿದಂತೆ ಹಲವೆಡೆ ಪಾಠ ಹೇಳಿದ್ದೂ ಭೂವಿಜ್ಞಾನವನ್ನು. ಬೆಳಿಗ್ಗೆ ಬಂಡೆಗಲ್ಲಿನ ವಯಸ್ಸು ಹೇಳಿ, ಸಂಜೆ ಕವಿತೆ ಬರೆದರು, ಶೇಕ್ಸ್‌ಪಿಯರನ ನಾಟಕಗಳನ್ನೂ ಕನ್ನಡಕ್ಕೆ ತಂದರು.

ತಾಯಂದಿರು ಅರ್ಜಿ ತುಂಬಿಸುವ ಮುನ್ನ ಒಂದು ವಿಷಯ ಗಮನಿಸಬೇಕು. ಪಿಯುಸಿಯಲ್ಲಿ ವಿಜ್ಞಾನ ಓದಿದವಳು ಮುಂದೆ ಮನಸ್ಸು ಬದಲಿಸಿ ಬಿ.ಎ.ಗೆ ಹೋಗಬಹುದು, ಆದರೆ ಕಲಾ ವಿಭಾಗದವಳಿಗೆ ಬಿ.ಎಸ್ಸಿ. ಸಸ್ಯಶಾಸ್ತ್ರದ ಬಾಗಿಲು ತೆರೆಯದು. ಚಿತ್ರಕಲೆಯೇ ಬೇಕೆಂಬವಳಿಗೆ ದಾವಣಗೆರೆಯಲ್ಲೇ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವಿದೆ. ಅವಳು ಯಾವುದನ್ನೇ ಆರಿಸಲಿ, ಅಟ್ಟಕ್ಕೆ ಹೋದ ಬಣ್ಣದ ಡಬ್ಬಿಯನ್ನು ಕೆಳಗಿಳಿಸಿ ಕೊಡಲು ಯಾವ ಅರ್ಜಿಯೂ ಬೇಕಿಲ್ಲ.