ಇಮೇಲ್ ‘ವೆರಿಫೈ’ ಆಯ್ತು ಅಂದ್ರೆ ಆ ಮನುಷ್ಯ ಒಪ್ಪಿದ ಅಂತಲ್ಲ

ಬೀದರ್ ಜಿಲ್ಲೆಯಲ್ಲಿ ಈಗ ಯಾವ ಸಭೆಗೆ ಹೋದರೂ ಬಾಗಿಲ ಬಳಿ ಒಂದು ಹಾಳೆ ಇಟ್ಟಿರುತ್ತಾರೆ. ಹೆಸರು, ಊರು, ಮೊಬೈಲ್ ನಂಬರ್, ಇಮೇಲ್ ಐಡಿ. 371(ಜೆ) ಅಡಿ ಖಾಲಿ ಇರುವ ಹುದ್ದೆ ತುಂಬಿ ಅನ್ನುವ ಸಭೆಯಾದರೂ ಅಷ್ಟೇ, ಕೋಚಿಂಗ್ ಸೆಂಟರ್‌ನ ಫ್ರೀ ಡೆಮೊ ಕ್ಲಾಸ್ ಆದರೂ ಅಷ್ಟೇ. ಮರುದಿನ ಯಾರೋ ಕೂತು ಅದನ್ನು ಎಕ್ಸೆಲ್‌ಗೆ ಏರಿಸುತ್ತಾರೆ. ಆಮೇಲೆ ಆನ್‌ಲೈನ್‌ನಲ್ಲಿ ಸಿಗುವ ಯಾವುದಾದರೂ ಇಮೇಲ್ ವೆರಿಫಿಕೇಶನ್ ಟೂಲ್‌ಗೆ ಅಪ್‌ಲೋಡ್ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಪಟ್ಟಿ ಹಸಿರು, ಹಳದಿ, ಕೆಂಪು ಬಣ್ಣ ಬಳಿದುಕೊಂಡು ವಾಪಸ್ ಬರುತ್ತದೆ. ‘ನಮ್ಮ ಹತ್ರ ಇಷ್ಟು ಸಾವಿರ ವೆರಿಫೈಡ್ ಜನ ಇದ್ದಾರೆ’ ಅನ್ನುವ ಮಾತು ಅಲ್ಲಿಂದ ಶುರು.

ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಯುವಜನ ಗುಂಪುಗಳ ಇಂತಹ ಪಟ್ಟಿಗಳನ್ನು ಸರಿಪಡಿಸಿಕೊಡುವ ಕೆಲಸ ನಾನು ಮಾಡುತ್ತೇನೆ. ಮಾರ್ಕೆಟಿಂಗ್ ಕಂಪನಿಗಳಿಗಾಗಿ ಹುಟ್ಟಿದ ಈ ಟೂಲ್‌ಗಳು ಈಗ ಚಳವಳಿಗಳ ಕೈಗೂ ಬಂದಿವೆ. ಟೂಲ್‌ಗಳ ಜೊತೆಗೆ ಮಾರ್ಕೆಟಿಂಗ್ ಜಗತ್ತಿನ ತಪ್ಪು ತಿಳಿವಳಿಕೆಗಳೂ ಬಂದಿವೆ. ಹಸಿರು ಬಣ್ಣ ಹೇಳುವುದು ಒಂದೇ ಮಾತು: ಅಲ್ಲೊಂದು ಟಪಾಲು ಪೆಟ್ಟಿಗೆ ಇದ್ದಂತಿದೆ. ಪೆಟ್ಟಿಗೆ ಯಾರದು, ಅವರು ಅದನ್ನು ತೆರೆಯುತ್ತಾರಾ, ನಿಮ್ಮ ಪತ್ರ ಬೇಕು ಅಂದಿದ್ದಾರಾ ಎಂಬ ಮೂರು ಪ್ರಶ್ನೆಗೆ ಅದರ ಬಳಿ ಉತ್ತರ ಇಲ್ಲ. ಆದರೆ ರಾಜಕೀಯ ಇರುವುದೇ ಆ ಮೂರು ಪ್ರಶ್ನೆಗಳಲ್ಲಿ.

‘ಸರಿಯಾಗಿ ಬರೆದಿದ್ರೆ ಸರಿಯಾದ ವಿಳಾಸವೇ’

ಮೊದಲ ಪರೀಕ್ಷೆ ಕೇವಲ ಆಕಾರದ್ದು. ನಡುವೆ ‘ಅಟ್’ ಚಿಹ್ನೆ ಇದೆಯಾ, ಅದರ ನಂತರದ ಡೊಮೇನ್ ನಿಜವಾಗಿ ಇದೆಯಾ, ಆ ಡೊಮೇನ್‌ಗೆ ಮೇಲ್ ಸ್ವೀಕರಿಸುವ ಸರ್ವರ್ ಇದೆಯಾ ಎಂದು ನೋಡುತ್ತಾರೆ. ಇದು ಬೇಕು. ಆದರೆ ನಮ್ಮ ಭಾಗದಲ್ಲಿ ಇದು ಮೋಸ ಮಾಡುವ ಒಂದು ದಾರಿ ಇದೆ.

ಶ್ರೀಕಾಂತ್ ಅನ್ನುವ ಹೆಸರನ್ನೇ ತಗೊಳ್ಳಿ. ಮರಾಠಿ ರೂಢಿ ಇರುವ ಔರಾದ್, ಭಾಲ್ಕಿ ಕಡೆ ಇದನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಕೊನೆಯ ‘ತ್’ಗೆ ಬರೀ ‘ಟಿ’ ಹಾಕುವವರು ಬಹಳ. ಬೆಂಗಳೂರು, ಹೈದರಾಬಾದ್ ರೂಢಿಯಲ್ಲಿ ‘ಟಿ’ ಜೊತೆ ‘ಎಚ್’ ಸೇರುತ್ತದೆ. ಹಾಳೆಯ ಮೇಲಿನ ಕೈಬರಹ ನೋಡಿ ಟೈಪ್ ಮಾಡುವವರು ತಮಗೆ ರೂಢಿ ಇದ್ದಂತೆ ಒಂದು ಅಕ್ಷರ ಸೇರಿಸಿದರೆ ಅದು ಬೇರೊಬ್ಬ ಶ್ರೀಕಾಂತನ ವಿಳಾಸ. ಆ ಇನ್‌ಬಾಕ್ಸ್ ನಿಜಕ್ಕೂ ಇದೆ, ಹಾಗಾಗಿ ಟೂಲ್ ಹಸಿರು ತೋರಿಸುತ್ತದೆ. ಔರಾದ್‌ನ ಹುಡುಗನಿಗೆ ಹೋಗಬೇಕಾದ ಸಭೆಯ ವಿವರ ಎಲ್ಲೋ ಇರುವ ಅಪರಿಚಿತನಿಗೆ ಹೋಗುತ್ತದೆ. ತಪ್ಪು ವಿಳಾಸ ಬೌನ್ಸ್ ಆದರೆ ಪುಣ್ಯ. ಬೌನ್ಸ್ ಆಗದ ತಪ್ಪು ವಿಳಾಸವೇ ಅಪಾಯ.

ಇದರ ತಿರುವು ಮುರುವೂ ಇದೆ. ಕನ್ನಡ ಲಿಪಿಯಲ್ಲೇ ಇಮೇಲ್ ವಿಳಾಸ ಇರಬಹುದು. ‘.ಭಾರತ’ ಡೊಮೇನ್ ಕನ್ನಡದಲ್ಲಿದೆ, ಇದಕ್ಕೆ ಬೇಕಾದ ತಾಂತ್ರಿಕ ಮಾನದಂಡ 2012ರಲ್ಲೇ ಬಂದಿದೆ, ಜಿಮೇಲ್ 2014ರಿಂದ ಇಂತಹ ವಿಳಾಸಗಳಿಗೆ ಮೇಲ್ ಕಳಿಸಲು, ಅಲ್ಲಿಂದ ಪಡೆಯಲು ಬಿಡುತ್ತಿದೆ. ಆದರೂ ಎಷ್ಟೋ ಫಾರ್ಮ್‌ಗಳು ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನು ಕಂಡರೂ ‘ಇನ್‌ವ್ಯಾಲಿಡ್’ ಅನ್ನುತ್ತವೆ. ಅಲ್ಲಿ ತಪ್ಪು ಇರುವುದು ವಿಳಾಸದಲ್ಲಲ್ಲ, ಫಾರ್ಮ್ ಬರೆದವರ ಊಹೆಯಲ್ಲಿ.

‘ಟೂಲ್ ಸರ್ವರ್‌ನ್ನೇ ಕೇಳುತ್ತೆ, ಅದು ಸುಳ್ಳು ಹೇಳಲ್ಲ’

ಎರಡನೇ ಪರೀಕ್ಷೆ ಹೀಗಿರುತ್ತದೆ. ಟೂಲ್ ಆ ಮೇಲ್ ಸರ್ವರ್‌ನ ಬಾಗಿಲು ತಟ್ಟಿ, ‘ಈ ಹೆಸರಿನವರಿಗೆ ಒಂದು ಪತ್ರ ಇದೆ, ತಗೋತೀರಾ?’ ಅಂತ ಕೇಳುತ್ತದೆ. ‘ಹೂಂ’ ಅಂದ ಕೂಡಲೇ ಪತ್ರ ಕೊಡದೆ ಹೊರಟುಬಿಡುತ್ತದೆ. ಭಾಲ್ಕಿಯ ಯಾವುದೋ ಓಣಿಯಲ್ಲಿ ಒಬ್ಬ ಮನೆ ಮನೆ ಬಾಗಿಲು ತಟ್ಟಿ, ಇಂಥವರು ಇದ್ದಾರಾ ಎಂದು ಕೇಳಿ, ಏನೂ ಕೊಡದೆ ಹೋಗುತ್ತಿದ್ದರೆ ಜನ ಏನಂದುಕೊಳ್ಳುತ್ತಾರೆ? ಸರ್ವರ್‌ಗಳೂ ಹಾಗೇ ಅನುಮಾನಪಡುತ್ತವೆ. ಇಮೇಲ್‌ನ 1982ರ ಮೂಲ ನಿಯಮಾವಳಿಯಲ್ಲಿ ವಿಳಾಸ ಖಾತ್ರಿ ಮಾಡಿಕೊಳ್ಳಲೆಂದೇ ಒಂದು ಆಜ್ಞೆ ಇತ್ತು. ಸ್ಪ್ಯಾಮ್ ಕಳಿಸುವವರು ಅದನ್ನು ಬಳಸಿ ವಿಳಾಸ ಕದಿಯತೊಡಗಿದ್ದರಿಂದ ಇವತ್ತು ಹೆಚ್ಚಿನ ಸರ್ವರ್‌ಗಳು ಅದನ್ನು ಮುಚ್ಚಿಟ್ಟಿವೆ.

ಸಣ್ಣ ಕಾಲೇಜು, ಕಂಪನಿಗಳ ಸ್ವಂತ ಡೊಮೇನ್‌ಗಳಲ್ಲಿ ಕೆಲವು ಯಾವ ಹೆಸರು ಹೇಳಿದರೂ ‘ಹೂಂ’ ಅನ್ನುವಂತೆ ಹೊಂದಿಸಿರುತ್ತವೆ. ಅಲ್ಲಿ ಇಲ್ಲದ ಮನುಷ್ಯನೂ ಇದ್ದಾನೆ. ಇನ್ನು ಕೆಲವು ಸರ್ವರ್‌ಗಳು ಗುರುತಿಲ್ಲದವರು ಮೊದಲ ಸಲ ಬಂದಾಗ ‘ಆಮೇಲೆ ಬಾ’ ಅನ್ನುತ್ತವೆ. ನಿಜವಾದ ಮೇಲ್ ಸರ್ವರ್ ಮತ್ತೆ ಬರುತ್ತದೆ, ಅವಸರದ ಟೂಲ್ ಬರುವುದಿಲ್ಲ. ಅಲ್ಲಿ ಇರುವ ಮನುಷ್ಯನೂ ಇಲ್ಲ. ಟೂಲ್ ಜಾಹೀರಾತುಗಳಲ್ಲಿ ಹೇಳುವ 98, 99 ಶೇಕಡಾ ನಿಖರತೆಯನ್ನು ಈ ಲೆಕ್ಕದಲ್ಲಿ ಓದಿಕೊಳ್ಳಿ.

‘ಇನ್‌ಬಾಕ್ಸ್ ಇದೆ ಅಂದ್ಮೇಲೆ ಓದುವವರೂ ಇರ್ತಾರೆ’

ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದ ತಪ್ಪು ಇದೇ. ‘ಮೇಲ್ ಐಡಿ ಇಲ್ಲ ಅಂದ್ರ ಫಾರ್ಮ್ ಮುಂದ ಹೋಗಂಗಿಲ್ಲ’ ಅನ್ನುವುದು ಇಲ್ಲಿನ ನೆಟ್ ಸೆಂಟರ್‌ಗಳಲ್ಲಿ ದಿನವೂ ಕೇಳುವ ಮಾತು. ಸ್ಕಾಲರ್‌ಶಿಪ್, ಸಿಇಟಿ, ನೇಮಕಾತಿ ಪರೀಕ್ಷೆ, ಹೀಗೆ ಅರ್ಜಿಗಳ ಸಾಲು ದೊಡ್ಡದು. ಅರ್ಜಿದಾರರಿಗೆ ಐಡಿ ಇಲ್ಲದಿದ್ದರೆ ಅಂಗಡಿಯವರೇ ಆ ಕ್ಷಣಕ್ಕೆ ಒಂದು ಸೃಷ್ಟಿಸುತ್ತಾರೆ. ಪಾಸ್‌ವರ್ಡ್ ಅವರ ಹತ್ತಿರವೇ ಉಳಿಯುವುದುಂಟು. ಒಂದೇ ಐಡಿ ಹತ್ತಾರು ಜನರ ಅರ್ಜಿಗೆ ಬಳಕೆಯಾಗುವುದೂ ಉಂಟು. ಅಂಗಡಿಯವರದು ತಪ್ಪು ಅಂತ ನಾನು ಹೇಳುತ್ತಿಲ್ಲ. ಇಮೇಲ್ ಇಲ್ಲದವರಿಗೂ ಇಮೇಲ್ ಕಡ್ಡಾಯ ಮಾಡಿದ ವ್ಯವಸ್ಥೆಗೆ ಅವರು ಕಂಡುಕೊಂಡ ದಾರಿ ಅದು.

ಅಂತಹ ಐಡಿ ಎಲ್ಲ ಪರೀಕ್ಷೆಯನ್ನೂ ಪಾಸ್ ಮಾಡುತ್ತದೆ. ಆಕಾರ ಸರಿ, ಡೊಮೇನ್ ಸರಿ, ಇನ್‌ಬಾಕ್ಸ್ ಇದೆ. ಓದುವವರು ಮಾತ್ರ ಇಲ್ಲ. ನಾನು ನೋಡಿದ ಪಟ್ಟಿಗಳಲ್ಲಿ ಅತಿ ‘ಚೊಕ್ಕ’ವಾಗಿ ಕಾಣುವುದು ಇಂತಹ ವಿಳಾಸಗಳೇ. ಹೆಸರಿನ ಮುಂದೆ ಹುಟ್ಟಿದ ವರ್ಷ, ಒಂದಕ್ಷರದ ತಪ್ಪೂ ಇಲ್ಲ.

ಪರೀಕ್ಷೆ ಪಾಸಾಗುವುದಕ್ಕೂ ಮನುಷ್ಯ ಇರುವುದಕ್ಕೂ ಎಷ್ಟು ಅಂತರ ಅಂತ ನಮ್ಮದೇ ಬೀದರ್ ಲೋಕಸಭಾ ಕ್ಷೇತ್ರ ಕಂಡಿದೆ. ಕಲಬುರಗಿ ಜಿಲ್ಲೆಯ ಆಳಂದ ಈ ಕ್ಷೇತ್ರದೊಳಗೇ ಬರುತ್ತದೆ. 2023ರ ವಿಧಾನಸಭೆ ಚುನಾವಣೆಗೆ ಮೊದಲು ಅಲ್ಲಿನ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು 6,018 ಆನ್‌ಲೈನ್ ಅರ್ಜಿ ಬಂದಿದ್ದವು. ಸ್ಥಳಕ್ಕೆ ಹೋಗಿ ಪರಿಶೀಲಿಸಿದಾಗ ನಿಜ ಎಂದು ಕಂಡದ್ದು 24 ಮಾತ್ರ. ಉಳಿದ 5,994 ತಿರಸ್ಕೃತವಾದವು, ಪೊಲೀಸ್ ಪ್ರಕರಣ ದಾಖಲಾಯಿತು, 2025ರಲ್ಲಿ ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿತು. ಅದು ಇಮೇಲ್ ವಿಚಾರ ಅಲ್ಲ, ನಿಜ. ಆದರೆ ಪಾಠ ಒಂದೇ. ಅಷ್ಟೂ ಅರ್ಜಿಗಳು ಪೋರ್ಟಲ್ ದಾಟಿ ಬಂದಿದ್ದವು, ಸುಳ್ಳು ಬಯಲಾದದ್ದು ಮನೆಬಾಗಿಲಲ್ಲಿ ನಿಂತು ಕೇಳಿದಾಗ.

‘ಬೌನ್ಸ್ ಕಡಿಮೆ, ಅಂದ್ರೆ ಪಟ್ಟಿ ಚೊಕ್ಕ’

ಬೌನ್ಸ್ ಅಂದರೆ ವಾಪಸ್ ಬಂದ ಮೇಲ್. ಅದು ಕಡಿಮೆ ಆದರೆ ಒಳ್ಳೆಯದೇ. ಆದರೆ ಜಿಮೇಲ್, ಯಾಹೂಗಳು ಈಗ ಅದಕ್ಕಿಂತ ಹೆಚ್ಚಾಗಿ ನೋಡುವುದು ದೂರುಗಳನ್ನು. 2024ರ ಫೆಬ್ರವರಿಯಿಂದ ಗೂಗಲ್ ಬಿಗಿ ನಿಯಮ ತಂದಿದೆ. ನಿಮ್ಮ ಮೇಲ್‌ಗೆ ‘ಸ್ಪ್ಯಾಮ್’ ಅಂತ ಒತ್ತುವವರ ಪ್ರಮಾಣ 0.3 ಶೇಕಡಾ ಮುಟ್ಟಬಾರದು. ಸಾವಿರ ಮೇಲ್‌ಗೆ ಬರೀ ಮೂರು ಜನ! ಜಿಮೇಲ್‌ಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಾದರೆ, ಕಳಿಸಿದ್ದು ನೀವೇ ಎಂದು ತೋರಿಸುವ ತಾಂತ್ರಿಕ ಗುರುತುಗಳನ್ನು ಹೊಂದಿಸಿರಬೇಕು, ಪ್ರಚಾರದ ಮೇಲ್‌ನಲ್ಲಿ ಒಂದೇ ಕ್ಲಿಕ್‌ಗೆ ಹೊರಹೋಗುವ ದಾರಿಯನ್ನೂ ಇಡಬೇಕು.

ಸ್ಪ್ಯಾಮ್ ಒತ್ತುವವರು ಯಾರು? ವಿಳಾಸ ನಿಜವಿದ್ದು, ‘ನನಗ್ಯಾಕೆ ಕಳಿಸಿದ್ರು’ ಅನ್ನುವವರು. ಆ ಅಪರಿಚಿತ ಶ್ರೀಕಾಂತನೂ ಅವರಲ್ಲೊಬ್ಬ. ಅಂದರೆ ಹಸಿರು ವಿಳಾಸಗಳೇ ನಿಮ್ಮ ಹೆಸರು ಕೆಡಿಸಬಲ್ಲವು. ಹೆಸರು ಕೆಟ್ಟರೆ, ನಿಮ್ಮ ಮೇಲ್‌ಗಾಗಿ ನಿಜವಾಗಿ ಕಾಯುತ್ತಿದ್ದವರಿಗೂ ಅದು ಸ್ಪ್ಯಾಮ್ ಫೋಲ್ಡರ್‌ಗೇ ಹೋಗುತ್ತದೆ. ಇದರ ಮೇಲೆ ಬಲೆಗಳೂ ಇವೆ. ಸತ್ತುಹೋದ ಕೆಲವು ವಿಳಾಸಗಳನ್ನು ಸ್ಪ್ಯಾಮ್ ತಡೆಯುವವರು ಮತ್ತೆ ಜೀವ ಕೊಟ್ಟು ಸುಮ್ಮನೆ ಇಟ್ಟಿರುತ್ತಾರೆ. ಅಲ್ಲಿಗೆ ಮೇಲ್ ಬಂತು ಅಂದರೆ ಕಳಿಸಿದವರು ಯಾರನ್ನೂ ಕೇಳದೆ ಪಟ್ಟಿ ಮಾಡಿದ್ದಾರೆ, ಇಲ್ಲವೇ ವರ್ಷಗಟ್ಟಲೆ ಪಟ್ಟಿ ನೋಡಿಲ್ಲ ಅಂತ ಅರ್ಥ.

‘ಕೊಂಡ ಪಟ್ಟಿಯಾದ್ರೂ ವೆರಿಫೈ ಮಾಡಿಸಿದ್ರೆ ಸಾಕು’

ಸಾಕಾಗಲ್ಲ. ಕದ್ದ ಬೈಕನ್ನು ಸರ್ವಿಸಿಂಗ್ ಮಾಡಿಸಿದರೆ ಅದು ನಿಮ್ಮದಾಗುತ್ತದಾ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸಮ್ಮತಿ ಹೇಗಿರಬೇಕು ಎಂದು ಹೇಳಿದೆ: ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ತಿಳಿದು, ಷರತ್ತಿಲ್ಲದೆ, ಸ್ಪಷ್ಟ ಕ್ರಿಯೆಯ ಮೂಲಕ ಕೊಟ್ಟಿರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲೂ ಬರಬೇಕು. ಕಾಗದದ ಮೇಲೆ ಪಡೆದು ಆಮೇಲೆ ಕಂಪ್ಯೂಟರ್‌ಗೆ ಏರಿಸಿದ ಮಾಹಿತಿಗೂ ಈ ಕಾಯ್ದೆ ಅನ್ವಯ. ಅಂದರೆ ಸಭೆಯ ಬಾಗಿಲಲ್ಲಿಟ್ಟ ಆ ಹಾಳೆಯೂ ಇದರೊಳಗೆ ಬರುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ಬಳಿಕ ಜಾರಿಗೆ ಬರಲಿವೆ. ಸಮ್ಮತಿ ಕೇಳುವ ಒಕ್ಕಣೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು. ಬೀದರ್ ಮಟ್ಟಿಗೆ ಹೇಳುವುದಾದರೆ ಕನ್ನಡ, ಉರ್ದು, ಮರಾಠಿ ಮೂರೂ ಅದರಲ್ಲಿವೆ.

ಇನ್ನೊಂದು ವಿಷಯವನ್ನು ಯಾರೂ ಯೋಚಿಸುವುದಿಲ್ಲ. ವೆರಿಫೈ ಮಾಡಿಸಲು ಪಟ್ಟಿ ಅಪ್‌ಲೋಡ್ ಮಾಡಿದ ಕ್ಷಣವೇ ಅಷ್ಟೂ ಜನರ ವಿಳಾಸವನ್ನು ಮೂರನೆಯವರ ಕೈಗೆ ಕೊಟ್ಟಿರಿ. ಅದು ರಾಜಕೀಯ ಸಭೆಗೆ ಬಂದವರ ಪಟ್ಟಿ ಎಂಬುದು ನೆನಪಿರಲಿ. ವಿಳಾಸ ಬಯಲಾಗುವುದು ಸಣ್ಣ ಸಂಗತಿ ಅಲ್ಲ. 2015ರ ಏಪ್ರಿಲ್‌ನಲ್ಲಿ ನೆಟ್ ನ್ಯೂಟ್ರಾಲಿಟಿ ಪರವಾಗಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಟ್ರಾಯ್‌ಗೆ ಇಮೇಲ್ ಬರೆದರು. ಟ್ರಾಯ್ ಆ ಪತ್ರಗಳನ್ನು ಹೆಸರು, ಇಮೇಲ್ ಐಡಿ ಸಮೇತ ತನ್ನ ವೆಬ್‌ಸೈಟ್‌ನಲ್ಲಿ ಹಾಕಿಬಿಟ್ಟಿತು. ಸ್ಪ್ಯಾಮ್ ಕಳಿಸುವವರಿಗೆ ಅದಕ್ಕಿಂತ ಒಳ್ಳೆಯ ‘ವೆರಿಫೈಡ್ ಪಟ್ಟಿ’ ಬೇಕಿತ್ತಾ?

ಅದೇ ವರ್ಷದ ಕೊನೆಗೆ ಇನ್ನೊಂದು ಪಾಠ. ಫೇಸ್‌ಬುಕ್ ತನ್ನ ಫ್ರೀ ಬೇಸಿಕ್ಸ್ ಯೋಜನೆಗೆ ಬೆಂಬಲವಾಗಿ ಬಳಕೆದಾರರಿಂದ ಒಂದೇ ಒಕ್ಕಣೆಯ ಲಕ್ಷಗಟ್ಟಲೆ ಮೇಲ್‌ಗಳನ್ನು ಟ್ರಾಯ್‌ಗೆ ಕಳಿಸಿತು. ಖಾತೆಗಳು ನಿಜವೇ ಇರಬಹುದು. ಆದರೆ ನಾವು ಕೇಳಿದ ಪ್ರಶ್ನೆಗಳಿಗೆ ಇವು ಉತ್ತರಿಸಿಲ್ಲ ಎಂದು ಟ್ರಾಯ್ ತಕರಾರು ತೆಗೆಯಿತು. 2016ರ ಫೆಬ್ರವರಿಯಲ್ಲಿ ಬಂದ ಆದೇಶ ಅಂತಹ ಯೋಜನೆಗೆ ಬಾಗಿಲು ಮುಚ್ಚಿತು. ತಿಳಿದು ಹೇಳದ ‘ಹೌದು’ ಎಷ್ಟು ಲಕ್ಷ ಇದ್ದರೂ ಅಭಿಪ್ರಾಯ ಆಗುವುದಿಲ್ಲ.

‘ಒಂದ್ಸಲ ವೆರಿಫೈ ಆದ್ರೆ ಮುಗೀತು’

ಗೂಗಲ್ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು 2023ರ ಡಿಸೆಂಬರ್‌ನಿಂದ ಅಳಿಸುತ್ತಿದೆ. ಯಾಹೂ 2013ರಲ್ಲಿ ಬಳಕೆಯಲ್ಲಿಲ್ಲದ ಐಡಿಗಳನ್ನು ಬೇರೆಯವರಿಗೆ ಹಂಚಿತ್ತು. ಒಂದು ಅರ್ಜಿಗಾಗಿ ಹುಟ್ಟಿದ ಐಡಿ ಆ ಅರ್ಜಿಯ ಜೊತೆಗೇ ಸಾಯುತ್ತದೆ. ಹೋದ ವರ್ಷದ ಹಸಿರು ಈ ವರ್ಷದ್ದಲ್ಲ.

ಹಾಗಾದ್ರೆ ಏನು ಮಾಡಬೇಕು?

ಟೂಲ್ ಬಿಸಾಡಿ ಅಂತ ನಾನು ಹೇಳುವುದಿಲ್ಲ. ಡೊಮೇನ್ ತಪ್ಪು, ಅಕ್ಷರ ತಪ್ಪು ಹಿಡಿಯಲು ನಿಮ್ಮದೇ ಕಂಪ್ಯೂಟರ್‌ನಲ್ಲಿ ನಡೆಯುವ ಸರಳ ಪರೀಕ್ಷೆ ಸಾಕು. ಅದರ ನಂತರದ ಕೆಲಸ ಮನುಷ್ಯರದು.

ಹಾಳೆಯಲ್ಲಿ ವಿಳಾಸ ಬರೆಸುವ ಬದಲು ಅವರ ಫೋನಿನಿಂದಲೇ ನಿಮಗೊಂದು ಮೇಲ್ ಕಳಿಸಲು ಹೇಳಿ. ಕಾಗುಣಿತದ ಗೊಂದಲ ಅಲ್ಲೇ ಮುಗಿಯುತ್ತದೆ, ಇನ್‌ಬಾಕ್ಸ್ ಅವರ ಕೈಯಲ್ಲಿದೆಯಾ ಅನ್ನುವುದೂ ಗೊತ್ತಾಗುತ್ತದೆ. ಹಾಳೆಯೇ ಗತಿ ಅಂದರೆ ಮೊದಲ ಮೇಲ್‌ನಲ್ಲಿ ಬೇರೇನೂ ಕಳಿಸದೆ, ನಾವು ಯಾರು, ಯಾಕೆ ಬರೆಯುತ್ತೇವೆ, ತಿಂಗಳಿಗೆ ಎಷ್ಟು ಸಲ ಎಂದು ನಾಲ್ಕು ಸಾಲಿನಲ್ಲಿ ಹೇಳಿ, ‘ಹೌದು’ ಅಂತ ಉತ್ತರ ಬರೆಯಲು ಕೇಳಿ. ಉತ್ತರ ಬರದವರನ್ನು ಪಟ್ಟಿಯಿಂದ ಬಿಡಿ. ಆರು ತಿಂಗಳಿಗೊಮ್ಮೆ ‘ಇನ್ನೂ ಬೇಕಾ?’ ಎಂದು ಕೇಳಿ. ಇಮೇಲ್ ನೋಡದವರಿಗೆ ಫೋನ್ ಮಾಡಿ, ಊರಿಗೆ ಹೋಗಿ. ಇಮೇಲ್ ಐಡಿ ಇಲ್ಲದವರು ಚಳವಳಿಗೆ ಬೇಡದವರೇನಲ್ಲ.

ಹೀಗೆ ಮಾಡಿದರೆ ಸಾವಿರಗಳ ಪಟ್ಟಿ ನೂರಕ್ಕೆ ಇಳಿಯಬಹುದು. ಸಂಖ್ಯೆ ತೋರಿಸಿ ಬೀಗುವವರಿಗೆ ಅದು ಕಷ್ಟ. ಆದರೆ ನಾಳೆ ಖಾಲಿ ಹುದ್ದೆಗಳ ಬಗ್ಗೆ ಬೀದರ್ ಜಿಲ್ಲಾಧಿಕಾರಿ ಕಚೇರಿ ಮುಂದೆ ಸೇರಬೇಕು ಅಂದಾಗ ಔರಾದ್‌ನಿಂದ, ಭಾಲ್ಕಿಯಿಂದ ಬಸ್ ಹತ್ತುವವರು ಆ ನೂರರೊಳಗೇ ಇರುತ್ತಾರೆ.